ಕೋದಂಡರಾಮಪ್ಪನ ಚಿಲಕ

ನಮ್ಮ ಕಾರ್ಖಾನೆಯಲ್ಲಿ ಬಿಡಿಭಾಗಗಳಿಗೆ ನಂಬರು ಇರಲಿಲ್ಲ, ಹೆಸರಿತ್ತು. ಯಾವ ಗಿರಾಕಿ ಮೊದಲು ಕೇಳಿ ಮಾಡಿಸಿಕೊಂಡರೋ ಅವರ ಹೆಸರು. ಆವಲಪ್ಪ ಎಂಬುವರಿಗಾಗಿ ಮಾಡಿದ ಅಗಲ ಪಾದದ ಸ್ಟ್ಯಾಂಡು ‘ಆವಲಪ್ಪನ ಕಾಲು’. ಹಿಟ್ಟಿನ ಗಿರಣಿಯ ಮುನಿಲಕ್ಷ್ಮಿ ಹಟ ಹಿಡಿದು ಮಾಡಿಸಿಕೊಂಡ ದೊಡ್ಡ ರಾಟೆ ‘ಮುನಿಲಕ್ಷ್ಮಿ ರಾಟೆ’. ಹೊಸ ಭಾಗದ ಮೊದಲ ತುಂಡು ತಯಾರಾದ ದಿನ ನಮ್ಮ ಯಜಮಾನರು ವೆಂಕಟರಮಣಪ್ಪ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ತೊಟ್ಟಿಲಲ್ಲಿ ಮಲಗಿದ ಮಗುವಿಗೆ ಕೂಗುವ ಹಾಗೆ ಮೂರು ಸಲ ಹೆಸರು ಕೂಗುತ್ತಿದ್ದರು. ಅಲ್ಲಿಗೆ ಮುಗಿಯಿತು. ಆಮೇಲೆ ಆ ಭಾಗ ಸಣ್ಣದಾಗಲಿ, ದೊಡ್ಡದಾಗಲಿ, ಅರ್ಧ ಸೀಳಿ ಬೇರೆಯೇ ಆಕಾರ ತಾಳಲಿ, ಹೆಸರು ಮಾತ್ರ ಅದೇ.

ನಾನು ರಜನಿ. ಊರು ಗೌನಿಪಲ್ಲಿ, ಓದಿದ್ದು ಕೋಲಾರದಲ್ಲಿ ಡಿಪ್ಲೊಮಾ, ಕೆಲಸ ಮಾಲೂರಿನ ಈ ಕಾರ್ಖಾನೆಯಲ್ಲಿ ನಕ್ಷೆ ಬರೆಯುವುದು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇರಲಿ, ಅಲ್ಲಿದ್ದರೆ ಬೇಕಾದಾಗ ಹುಡುಕಬೇಕಾಗಿಲ್ಲ.

ನಾವು ಮಾಡುವುದು ಮೂರು ಬಗೆಯ ಮಿಷನ್ನು. ಶ್ರೀನಿವಾಸಪುರದ ಕಡೆಗೆ ಮಾವಿನಹಣ್ಣು ತೊಳೆಯುವುದು, ಕೋಲಾರ ಮುಳಬಾಗಿಲಿನ ಮಂಡಿಗಳಿಗೆ ಟೊಮೇಟೊ ವಿಂಗಡಿಸುವುದು, ಹಳ್ಳಿಗಳಿಗೆ ರಾಗಿಯ ಕಲ್ಲು ತೆಗೆಯುವುದು. ಮೂರರಲ್ಲೂ ಚೈನು ಓಡುತ್ತದೆ. ಆ ಚೈನಿಗೆ ಒಂದು ಮುಚ್ಚಳ, ಮುಚ್ಚಳಕ್ಕೆ ಒಂದು ಚಿಲಕ. “ಮೂರು ಮಿಷನ್ನು, ಒಂದೇ ಚಿಲಕ” ಎನ್ನುವುದು ಯಜಮಾನರ ದೊಡ್ಡ ಹೆಮ್ಮೆ. ಬಂದವರಿಗೆಲ್ಲ ಕಾಫಿಯ ಜೊತೆ ಇದನ್ನೂ ಕೊಡುತ್ತಿದ್ದರು. ಚಿಲಕದ ಹೆಸರು ‘ಕೋದಂಡರಾಮಪ್ಪನ ಚಿಲಕ’. ಕೋದಂಡರಾಮಪ್ಪ ಶ್ರೀನಿವಾಸಪುರದ ಮಾವಿನ ಮಂಡಿಯ ಹಿರಿಯರು, ಯಜಮಾನರನ್ನು ನಂಬಿ ಮೊಟ್ಟಮೊದಲ ಮಿಷನ್ನು ಮಾಡಿಸಿದವರು. ಆ ಹೆಸರನ್ನು ನಮ್ಮ ಕಾರ್ಖಾನೆಯಲ್ಲಿ ದೇವರ ಪಟದ ನಂತರದ ಸ್ಥಾನದಲ್ಲಿ ಇಟ್ಟಿದ್ದರು.

ಹೋದ ವರ್ಷ ಮಾವಿನ ಕಾಲದಲ್ಲಿ ಅದೇ ಕೋದಂಡರಾಮಪ್ಪನವರು ಫೋನು ಮಾಡಿ, ಹಣ್ಣು ತೊಳೆಯುವ ಹೆಂಗಸರ ಕೈ ಒದ್ದೆಯಾಗಿರುತ್ತದೆ, ಚಿಲಕ ತೆಗೆಯಲು ಆಗುವುದಿಲ್ಲ, ಸ್ವಲ್ಪ ಸಡಿಲ ಮಾಡಿಕೊಡಿ ಎಂದರು. ನ್ಯಾಯವಾದ ಮಾತು. ಚಿಲಕದ ಒಳಗಡೆ ಒಂದು ಕೊಕ್ಕೆ ಇದೆ. ಅದರ ತುದಿಯನ್ನು ಉಜ್ಜಿ ಮೊಂಡು ಮಾಡಿದೆವು. ಮಾವಿನ ಮಿಷನ್ನಿನಲ್ಲಿ ಮುಚ್ಚಳ ಮೇಲುಗಡೆ ಮಲಗಿರುತ್ತದೆ, ತನ್ನ ಭಾರಕ್ಕೆ ತಾನೇ ಕೂತಿರುತ್ತದೆ. ಅಲ್ಲಿ ಮೊಂಡು ಕೊಕ್ಕೆ ಸಾಕು. ಟೊಮೇಟೊ ಮಿಷನ್ನಿನಲ್ಲಿ ಹಾಗಲ್ಲ. ಮುಚ್ಚಳ ಪಕ್ಕದಲ್ಲಿ ನಿಂತಿರುತ್ತದೆ, ಮಿಷನ್ನು ಇಡೀ ದಿನ ಅಲುಗಾಡುತ್ತದೆ, ಹೆಂಗಸರು ಅದಕ್ಕೆ ಅಂಟಿಕೊಂಡೇ ನಿಂತು ಕೆಲಸ ಮಾಡುತ್ತಾರೆ. ಅಲ್ಲಿ ಉದ್ದ ಕೊಕ್ಕೆಯೇ ಬೇಕು. ರಾಗಿ ಮಿಷನ್ನಿಗೂ ಅಷ್ಟೇ.

“ಸಾರ್, ಇದು ಬೇರೆ ಚಿಲಕ. ಇದಕ್ಕೆ ಬೇರೆ ಹೆಸರಿಡಿ” ಎಂದು ನಾನು ಅವತ್ತೇ ಹೇಳಿದ್ದೆ.

“ಹೆಸರಿಟ್ಟ ಮೇಲೆ ಬದಲಾಯಿಸ್ತಾರೇನಮ್ಮ? ಮಗೂದು ಉಗುರು ಕತ್ತರಿಸಿದ್ರೆ ಇನ್ನೊಂದ್ಸಲ ನಾಮಕರಣ ಮಾಡ್ತೀಯಾ?” ಎಂದು ಯಜಮಾನರು ನಕ್ಕರು. ಅವರು ನಕ್ಕರೆ ಕಾರ್ಖಾನೆಯೇ ನಗುತ್ತದೆ. ನಾನು ನಗಲಿಲ್ಲ. ಮೊಂಡು ಕೊಕ್ಕೆಯವಕ್ಕೆ ಬೇರೆ ಪೆಟ್ಟಿಗೆ ಮಾಡಿಸಿ, ಮೇಲೆ ‘ಮಾವಿಗೆ ಮಾತ್ರ’ ಎಂದು ಸುಣ್ಣದಲ್ಲಿ ಬರೆಸಿ ಇಡಿಸಿದೆ.

ಆಯುಧ ಪೂಜೆ ಬಂತು. ಆ ಹಬ್ಬಕ್ಕೆ ನಮ್ಮಲ್ಲಿ ಮಿಷನ್ನಿನಿಂದ ಹಿಡಿದು ಸ್ಪ್ಯಾನರಿನವರೆಗೆ ತೊಳೆಯದ ವಸ್ತುವಿಲ್ಲ. ಪೆಟ್ಟಿಗೆಗಳನ್ನೂ ಖಾಲಿ ಮಾಡಿ ತೊಳೆದರು. ಸುಣ್ಣದ ಅಕ್ಷರ ನೀರಿಗೆ ಹೋಯಿತು. ಸ್ಟೋರು ನೋಡಿಕೊಳ್ಳುವ ಕದಿರೇಶ್ ಒಳ್ಳೆಯ ಮನುಷ್ಯ, ಅಚ್ಚುಕಟ್ಟು ಎಂದರೆ ಪ್ರಾಣ. ಒಂದೇ ಹೆಸರಿನ ಮಾಲು ಎರಡು ಪೆಟ್ಟಿಗೆಯಲ್ಲಿ ಯಾಕೆ ಎಂದುಕೊಂಡು ಎರಡನ್ನೂ ಒಂದಕ್ಕೇ ಸುರಿದ. ಮೇಲೆ ಒಂದು ಸೇವಂತಿಗೆ ಹೂವನ್ನೂ ಇಟ್ಟ.

ಅದು ನಮಗೆ ಗೊತ್ತಾಗಿದ್ದು ಯುಗಾದಿ ಕಳೆದ ಮೇಲೆ, ಮುಳಬಾಗಿಲಿನಿಂದ ಫೋನು ಬಂದಾಗ.

ಮುಳಬಾಗಿಲಿನ ಅಮರನಾಥ್ ಎಂಬುವರ ಟೊಮೇಟೊ ಮಂಡಿಯಲ್ಲಿ ಮಿಷನ್ನು ಓಡುತ್ತಿದ್ದಾಗಲೇ ಮುಚ್ಚಳ ಕಳಚಿ ಬಿದ್ದಿತ್ತು. ಪಕ್ಕದಲ್ಲಿ ನಿಂತಿದ್ದ ಚಿಕ್ಕಗಂಗಮ್ಮ ಎಂಬ ಹೆಂಗಸಿನ ಸೆರಗನ್ನು ಚೈನು ಹಿಡಿದು ಎಳೆದುಕೊಂಡಿತ್ತು. ಸೆರಗು ಹಳೆಯದು, ಹರಿಯಿತು. ಹೊಸ ಸೀರೆಯಾಗಿದ್ದರೆ ಕೈ ಒಳಗೆ ಹೋಗುತ್ತಿತ್ತು. ಬಡತನ ಒಂದು ಕೈ ಉಳಿಸಿತು ಎಂದು ಸಂತೋಷಪಡುವ ಹಾಗಿದೆಯೇ? ನನಗಂತೂ ಮೈ ಉರಿಯಿತು.

ನಾನು ಅವತ್ತೇ ಬಸ್ಸು ಹತ್ತಿ ಹೋದೆ. ಚಿಕ್ಕಗಂಗಮ್ಮ ಮಂಡಿಯ ಮೂಲೆಯಲ್ಲಿ ಕ್ರೇಟಿನ ಮೇಲೆ ಕೂತಿದ್ದಳು. ಬಳೆ ಚೂರಾಗಿ ಮುಂಗೈಗೆ ಹೊಕ್ಕಿದ್ದ ಕಡೆ ಹೊಲಿಗೆ ಹಾಕಿ ಬಟ್ಟೆ ಸುತ್ತಿದ್ದರು.

“ಅಬ್ಬೊ, ಮಾಲೂರಿಂದ ನನ್ನ ನೋಡಕ್ಕೆ ಬಂದ್ಯಾಮ್ಮ? ಪರ್ವಾಲೇದಮ್ಮ, ಕೈ ಐತೆ” ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ಯಾರಮ್ಮ ಆ ಕೋದಂಡರಾಮಪ್ಪ? ಮಿಷನ್ನು ಕೂರ್ಸಕ್ಕೆ ಬಂದೋನು ಇದು ಕೋದಂಡರಾಮಪ್ಪನ ಚಿಲಕ, ಒಂದ್ ತಲೆಮಾರು ಅಲ್ಲಾಡಲ್ಲ ಅಂದಿದ್ದ. ಅವ್ನ ಚಿಲಕಕ್ಕೆ ಬೆಂಕಿ ಹಾಕ!”

ಮುಚ್ಚಳವನ್ನು ಹಗ್ಗದಲ್ಲಿ ಕಟ್ಟಿದ್ದರು. ನಾನು ಚಿಲಕದ ಎರಡು ಸ್ಕ್ರೂ ಬಿಚ್ಚಿ ನೋಡಿದೆ. ಮೊಂಡು ಕೊಕ್ಕೆ. ಮಾವಿನ ಮಿಷನ್ನಿಗೆ ಹೋಗಬೇಕಾದದ್ದು ಟೊಮೇಟೊ ಮಿಷನ್ನಿನಲ್ಲಿ ಕೂತಿತ್ತು. ಎರಡರ ಅಳತೆಯೂ ಒಂದೇ, ಸ್ಕ್ರೂ ತೂತೂ ಒಂದೇ, ಕೂತರೆ ಸರಿಯಾಗಿಯೇ ಕೂರುತ್ತದೆ. ಮುಚ್ಚಳದ ರಬ್ಬರು ಹೊಸದಾಗಿರುವ ತನಕ ಬಿಗಿಯಾಗಿಯೇ ಇರುತ್ತದೆ. ರಬ್ಬರು ಸವೆದ ಮೇಲೆ ಬಣ್ಣ ಬಯಲು.

“ನಾಳೆಯಿಂದ ಎಲ್ಲಿ ನಿಂತ್ಕೊಳ್ತೀಯಮ್ಮ?” ಎಂದು ಚಿಕ್ಕಗಂಗಮ್ಮನನ್ನು ಕೇಳಿದೆ.

“ಇನ್ನೆಲ್ಲಿ? ಅಲ್ಲೇ. ಹಗ್ಗ ಕಟ್ಟವ್ರಲ್ಲ” ಎಂದಳು.

ನನ್ನ ಹತ್ತಿರ ಚೀಲದಲ್ಲಿ ಉದ್ದ ಕೊಕ್ಕೆಯ ಚಿಲಕವಿತ್ತು, ಹಾಕಿ ಬಂದೆ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಆಯುಧ ಪೂಜೆಯಿಂದ ಇಲ್ಲಿಯವರೆಗೆ ನಾವು ಕಳಿಸಿದ ಪ್ರತಿಯೊಂದು ಟೊಮೇಟೊ ಮಿಷನ್ನಿನ ಪಕ್ಕ, ಪ್ರತಿಯೊಂದು ರಾಗಿ ಮಿಷನ್ನಿನ ಪಕ್ಕ, ಇವಳ ಹಾಗೆ ಒಬ್ಬಳು ನಿಂತಿದ್ದಾಳೆ. ಯಾವುದರಲ್ಲಿ ಯಾವ ಕೊಕ್ಕೆ ಇದೆಯೋ ಹೇಳುವವರು ಭೂಮಿಯ ಮೇಲೆ ಯಾರೂ ಇಲ್ಲ. ಟೊಮೇಟೊ ಸುಗ್ಗಿ ಇನ್ನೇನು ಶುರುವಾಗುತ್ತದೆ. ಅಷ್ಟರಲ್ಲಿ ಎಲ್ಲವನ್ನೂ ಬಿಚ್ಚಿ ನೋಡಲೇಬೇಕು.

ಬೆಳಿಗ್ಗೆ ಯಜಮಾನರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಇಷ್ಟವಿಲ್ಲದ ಮಾತು ಬಂದಾಗ ಅವರ ಕನ್ನಡಕ ಕೊಳೆಯಾಗುತ್ತದೆ.

“ಅಮರನಾಥನ ಮಿಷನ್ನಿಗೆ ಹಾಕ್ಬಂದ್ಯಲ್ಲ, ಸರಿಹೋಯ್ತಲ್ಲ.”

“ಉಳಿದವು?”

“ಉಳಿದೋರು ಯಾರೂ ಫೋನ್ ಮಾಡಿಲ್ವಲ್ಲಮ್ಮ.”

“ಕೈ ಹೋದ ಮೇಲೆ ಮಾಡ್ತಾರೆ ಸಾರ್.”

“ನೋಡು ರಜನಮ್ಮ, ಎಲ್ಲರ ಮನೆ ದೋಸೆನೂ ತೂತೇ. ನಾವೇ ಊರೂರು ತಿರುಗಿ ನಮ್ಮ ಚಿಲಕ ಸರಿಯಿಲ್ಲ ಅಂತ ಡಂಗುರ ಹೊಡ್ಕೊಂಡು ಬರೋದಾ?”

“ಹೌದು.”

ಅವರು ಇಂಥ ಉತ್ತರ ನಿರೀಕ್ಷಿಸಿರಲಿಲ್ಲ. ನಾನು ಎರಡು ಚಿಲಕ ತಂದು, ಅಂಗಳದಲ್ಲಿ ನಿಂತಿದ್ದ ಎರಡು ಹೊಸ ಮಿಷನ್ನುಗಳಿಗೆ ಒಂದೊಂದು ಹಾಕಿ, ಯಜಮಾನರನ್ನು ಕರೆದೆ. “ಈ ಕಾರ್ಖಾನೆ ಕಟ್ಟಿದೋರು ನೀವು. ಮುಟ್ಟಿ ನೋಡಿ, ಉದ್ದ ಕೊಕ್ಕೆ ಯಾವ್ದರಲ್ಲಿದೆ ಹೇಳಿ” ಎಂದೆ. ಅವರು ಇದನ್ನು ತೆಗೆದರು, ಅದನ್ನು ಹಾಕಿದರು, ಕಿವಿಗೊಟ್ಟು ಕೇಳಿದರು. ಕೆಲಸದವರೆಲ್ಲ ನೋಡುತ್ತಿದ್ದರು. ಕೊನೆಗೆ “ಇದು” ಎಂದು ಬಲಗಡೆಯದನ್ನು ತೋರಿಸಿದರು. ನಾನು ಸ್ಕ್ರೂ ಬಿಚ್ಚಿದೆ. ಮೊಂಡು.

ಯಜಮಾನರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡಿದರು. ಅವರು ಕೆಟ್ಟವರಲ್ಲ, ಹೆಮ್ಮೆಯವರು. ಎರಡೂ ಒಂದೇ ಅಲ್ಲ.

“ಗೂಡ್ಸ್ ಆಟೋ ತಗೊಂಡು ಹೋಗು. ಕದಿರೇಶನ್ನೂ ಕರ್ಕೊಂಡು ಹೋಗು” ಎಂದರು.

ಹೊರಟೆವು. ಹಿಂದುಗಡೆ ಒಂದು ಪೆಟ್ಟಿಗೆ ತುಂಬ ಉದ್ದ ಕೊಕ್ಕೆಯವು, ನಾನೇ ಒಂದೊಂದನ್ನೂ ನೋಡಿ ಆರಿಸಿದ್ದು. ಮಾಲೂರು ದಾಟಿದ ಮೇಲೆ ಕದಿರೇಶ್ “ಮೇಡಂ, ಒಂದ್ಮಾಡಿ ಸುರಿದೋನು ನಾನೇ” ಎಂದ.

“ಎರಡಕ್ಕೂ ಒಂದೇ ಹೆಸರಿತ್ತು, ನೀನು ಸುರಿದೆ. ನನ್ನನ್ನೂ ಅಲ್ಲಿ ನಿಲ್ಲಿಸಿ ಪೆಟ್ಟಿಗೆ ಕೊಟ್ಟಿದ್ರೆ ನಾನೂ ಸುರೀತಿದ್ದೆ. ಅಳೋದು ಬಿಟ್ಟು ಸ್ಕ್ರೂಡ್ರೈವರ್ ಹುಡುಕು” ಎಂದೆ. ಅವನು ಅಳುತ್ತಿರಲಿಲ್ಲ, ಆದರೂ ಮೂಗು ಒರೆಸಿಕೊಂಡ.

ಕೋಲಾರದ ಮೊದಲ ಮಂಡಿಯಲ್ಲೇ ತಕರಾರು. ಮುರಳಿಮೋಹನ್ ಎಂಬ ಯುವಕನ ಮಂಡಿ, ಬಾಗಿಲಲ್ಲಿ ಲಾರಿ ನಿಂತಿತ್ತು, ಮಿಷನ್ನು ಗಡಗಡ ಓಡುತ್ತಿತ್ತು.

“ಓಡೋ ಮಿಷನ್ ನಿಲ್ಲಿಸಲ್ಲ ಮೇಡಂ. ಚಿಲಕ ಚೆನ್ನಾಗೇ ಇದೆ. ಸುಗ್ಗಿ ಮುಗಿದ ಮೇಲೆ ಬನ್ನಿ.”

“ಸರಿ, ನಿಲ್ಲಿಸಬೇಡಿ. ನಿಮ್ಮ ಮನೆಯವರಿಗೆ ಫೋನ್ ಮಾಡಿ ಕರೆಸಿ. ಸೀರೆ ಉಟ್ಕೊಂಡು ಬಂದು ಈ ಮುಚ್ಚಳದ ಪಕ್ಕ ನಿಂತ್ಕೊಳ್ಳಲಿ. ಲಾರಿ ಹೋಗೋತನಕ ನಾನೂ ಇಲ್ಲೇ ಕಾಯ್ತೀನಿ.”

ಅವನ ಮುಖ ಕೆಂಪಾಯಿತು. ಕೆಲಸದ ಹೆಂಗಸರು ಕೈ ನಿಲ್ಲಿಸಿ ನಮ್ಮನ್ನೇ ನೋಡಿದರು. ಅವರಲ್ಲೊಬ್ಬಳು ತನ್ನ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದನ್ನು ಮುರಳಿಮೋಹನನೂ ನೋಡಿದ. ಬೈಗುಳವೊಂದನ್ನು ಬಾಯಲ್ಲೇ ನುಂಗಿ ಹೋಗಿ ಸ್ವಿಚ್ಚು ಆರಿಸಿದ. ಕದಿರೇಶ್ ಚಿಲಕ ಬಿಚ್ಚಿ ತಿರುಗಿಸಿ ತೋರಿಸಿದ. ಮೊಂಡು. ಕೊಕ್ಕೆ ಮುಚ್ಚಳವನ್ನು ಕೂದಲೆಳೆಯಷ್ಟು ಹಿಡಿದುಕೊಂಡಿತ್ತು, ಅಷ್ಟೇ. ನಾವು ಹೊರಡುವಾಗ ಮುರಳಿಮೋಹನ್ “ಟೀ ಕುಡ್ಕೊಂಡು ಹೋಗಿ ಮೇಡಂ” ಎಂದ. ಕುಡಿದೆವು. ಟೀ ಚೆನ್ನಾಗಿತ್ತು.

ಹೀಗೆ ಕೋಲಾರ, ಮುಳಬಾಗಿಲು, ಹಳ್ಳಿಗಳ ರಾಗಿ ಮಿಷನ್ನುಗಳು ಎಂದು ಅಲೆದೆವು. ಕೆಲವು ಕಡೆ ಉದ್ದ ಕೊಕ್ಕೆಯೇ ಇರುತ್ತಿತ್ತು. ಅಲ್ಲಿ ಬೈಸಿಕೊಂಡೆವು. ಕೆಲವು ಕಡೆ ಮೊಂಡು ಸಿಗುತ್ತಿತ್ತು. ಅಲ್ಲಿಯೂ ಬೈಸಿಕೊಂಡೆವು. ಬಿಸಿಲಿಗೆ ನನ್ನ ಮುಖ ಸುಟ್ಟ ಬದನೆಕಾಯಿಯಾಯಿತು. ಕದಿರೇಶ್ ಮಾತ್ರ ದಿನದಿನಕ್ಕೆ ಗಟ್ಟಿಯಾದ. ಯಾರಾದರೂ “ಆಮೇಲೆ ಬನ್ನಿ” ಎಂದರೆ ನನಗಿಂತ ಮೊದಲು ಅವನೇ “ಆಗಲ್ಲ ಸಾರ್, ಈಗ್ಲೇ” ಎನ್ನುತ್ತಿದ್ದ. ಕೊನೆಯ ಮಿಷನ್ನು ಮುಗಿದಾಗ ನಾವಿಬ್ಬರೂ ಆಟೋದಲ್ಲಿ ಕೂತು ಎಳನೀರು ಕುಡಿದೆವು. ಯಾರ ಕೈಯೂ ಹೋಗಿರಲಿಲ್ಲ.

ಆದರೆ ಕೆಲಸ ಮುಗಿದಿರಲಿಲ್ಲ. ಹೆಸರು ಒಂದೇ ಇರುವ ತನಕ ಬರುವ ಆಯುಧ ಪೂಜೆಗೆ ಇನ್ಯಾರೋ ಒಬ್ಬ ಒಳ್ಳೆಯ ಮನುಷ್ಯ ಎರಡು ಪೆಟ್ಟಿಗೆಯನ್ನು ಒಂದಕ್ಕೇ ಸುರಿಯುತ್ತಾನೆ. ಅದಕ್ಕೆ ಯಜಮಾನರನ್ನು ಕೇಳಿದರೆ “ಕೋದಂಡರಾಮಪ್ಪನವರು ಒಪ್ಪಿದ್ರೆ ನಂದೇನಿಲ್ಲ” ಎಂದರು. ಅವರು ಒಪ್ಪುವುದಿಲ್ಲ ಎಂಬ ಧೈರ್ಯದ ಮೇಲೆ ಆಡಿದ ಮಾತು ಅದು. ಬೆಕ್ಕಿಗೆ ಗಂಟೆ ಕಟ್ಟಲು ನಾನೇ ಶ್ರೀನಿವಾಸಪುರಕ್ಕೆ ಹೋದೆ.

ಮಂಡಿಯಲ್ಲಿ ಮಾವಿನಕಾಯಿಯ ಮೊದಲ ಲೋಡುಗಳು ಬರತೊಡಗಿದ್ದವು. ಕೋದಂಡರಾಮಪ್ಪನವರ ಮನೆ ಅದರ ಹಿಂದೆಯೇ. ಬಿಳಿ ಪಂಚೆ, ಹೆಗಲಿಗೆ ಟವೆಲ್ಲು, ಜಗಲಿಯ ಮೇಲೆ ಕೂತು ಒಂದು ಹೀಚನ್ನು ಮೂಸಿ ನೋಡುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಕೊನೆಯಲ್ಲಿ ಹೆಸರಿನ ಮಾತೆತ್ತಿದೆ.

ಅವರ ಮುಖ ಗಂಟಿಕ್ಕಿತು. “ಅಂದ್ರೆ ನನ್ನ ಹೆಸರು ತೆಗೀಬೇಕು ಅಂತ ಕೇಳಕ್ಕೆ ಬಂದಿದೀಯ. ನಿಮ್ಮ ಯಜಮಾನನ ಹತ್ರ ಒಂದು ವೆಲ್ಡಿಂಗ್ ಮಿಷನ್ ಬಿಟ್ರೆ ಏನೂ ಇಲ್ಲದಾಗ ಆರ್ಡರ್ ಕೊಟ್ಟೋನು ನಾನು.”

“ಗೊತ್ತು ತಾತ. ಆದ್ರೆ ಮುಳಬಾಗಿಲಲ್ಲಿ ಕೈ ಕೊಯ್ಸಿಕೊಂಡ ಹೆಂಗಸು ನನ್ನ ಏನು ಕೇಳಿದ್ಳು ಗೊತ್ತಾ? ಯಾರಮ್ಮ ಆ ಕೋದಂಡರಾಮಪ್ಪ, ಅವ್ನ ಚಿಲಕಕ್ಕೆ ಬೆಂಕಿ ಹಾಕ ಅಂದ್ಳು.”

ಹೇಳಬಾರದಿತ್ತೇನೋ. ಆದರೆ ಅದು ನಿಜ, ಮತ್ತು ಅವಳ ಕೈಯ ಹೊಲಿಗೆ ನನ್ನ ಕಣ್ಣ ಮುಂದೆಯೇ ಇತ್ತು. ಮುದುಕರು ಹೀಚನ್ನು ಕೆಳಗಿಟ್ಟರು. ಅವರಿಗೆ ಬಹಳ ನೋವಾಯಿತು. ಇಷ್ಟು ವರ್ಷ ತಮ್ಮ ಹೆಸರು ಜಿಲ್ಲೆಯ ಮಂಡಿಗಳಲ್ಲೆಲ್ಲ ಓಡಾಡುತ್ತಿದೆ ಎಂದು ಖುಷಿಪಟ್ಟವರು. ಅದು ಹೋಗಿ ಯಾರನ್ನೋ ಕಚ್ಚಿ ಬಂದಿತ್ತು.

ಆಗ ಒಳಗಿನಿಂದ ಒಂದು ಮಗು ಓಡಿ ಬಂತು, ಹಿಂದೆಯೇ ಸೊಸೆ ಮೇಘನ. “ಚಿನ್ನು! ಏ ಚಿನ್ನು, ನಿಲ್ಲೋ!” ಎಂದು ಕೂಗುತ್ತಿದ್ದಳು.

ನಾನು ಮಗುವನ್ನು ತಡೆದು ಹಿಡಿದು, “ಏನಪ್ಪ ನಿನ್ನ ಹೆಸರು?” ಎಂದೆ.

“ಕೋದಂಡರಾಮ” ಎಂದಿತು ಮಗು, ಎದೆಯುಬ್ಬಿಸಿ.

“ತಾತನ ಹೆಸರೇ ಇಟ್ಟಿದೀವಿ. ಸ್ಕೂಲಲ್ಲೂ ಅದೇ” ಎಂದಳು ಮೇಘನ. “ಆದ್ರೆ ಮಾವನ ಹೆಸರು ಹಿಡಿದು ನಾನು ಹೇಗೆ ಬೈಯೋದು ಹೇಳಿ? ಅದಕ್ಕೆ ಮನೇಲಿ ಚಿನ್ನು.”

ನಾನು ಮುದುಕರ ಕಡೆ ನೋಡಿದೆ, ಅಷ್ಟೆ. ಅವರು ಮೊಮ್ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು, ಆಮೇಲೆ ನನ್ನನ್ನು ಒಂದು ಥರ ನೋಡಿ ಗೊಣಗಿದರು: “ನನ್ನ ಮನೇಲೇ ಒಂದು ಹೆಸರಿಗೆ ಇಬ್ಬರು ಇರಂಗಿಲ್ಲ. ನಿಮ್ಮ ಪೆಟ್ಟಿಗೇಲಿ ಹೆಂಗಿರ್ತಾರೆ?”

“ಅದನ್ನೇ ಹೇಳಕ್ಕೆ ಬಂದೆ ತಾತ.”

“ಸಡಿಲ ಮಾಡಿ ಅಂತ ಕೇಳಿದೋನು ನಾನು. ಆ ಮೊಂಡುದು ನಂದು, ಮಾವಿಗೆ. ಅದು ನನ್ನ ಹೆಸರಲ್ಲೇ ಇರ್ಲಿ.” ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಗಟ್ಟಿದಕ್ಕೆ ಆ ಹೆಂಗಸಿನ ಹೆಸರಿಡಿ. ರಕ್ತ ಕೊಟ್ಟೋಳು ಅವಳು, ನಾನಲ್ಲ.”

ಮುಂದಿನ ಶುಕ್ರವಾರ ಚಿಕ್ಕಗಂಗಮ್ಮ ಮಾಲೂರಿಗೆ ಬಂದಳು. ಅಮರನಾಥ್ ತಾವೇ ಕಾರಿನಲ್ಲಿ ಕರೆತಂದರು. ಅವಳಿಗೆ ಕಾರಿನ ಬಾಗಿಲು ತೆಗೆಯಲು ಬರದೆ ಒಳಗಿನಿಂದಲೇ ಕಿಟಕಿ ತಟ್ಟಿದಳು. ಕೋದಂಡರಾಮಪ್ಪನವರೂ ಬಂದಿದ್ದರು. ಇಬ್ಬರನ್ನೂ ನಾನು ಪರಿಚಯ ಮಾಡಿಸಿದಾಗ ಅವಳು ನಾಲಿಗೆ ಕಚ್ಚಿಕೊಂಡಳು. “ಅಯ್ಯೋ ದೇವುಡಾ, ನಿನ್ನ ಚಿಲಕಕ್ಕೇನಾ ನಾನು ಬೆಂಕಿ ಹಾಕಿದ್ದು?” ಎಂದಳು. “ಹಾಕಿದ್ದು ಒಳ್ಳೇದೇ ಆಯ್ತು ಬಿಡಮ್ಮ” ಎಂದರು ಮುದುಕರು.

ಉದ್ದ ಕೊಕ್ಕೆಯ ಚಿಲಕ ಒಂದನ್ನು ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದರು. ಲೋಹದ ಮೇಲೆ ಅಕ್ಷರ ಒತ್ತುವ ಪಂಚನ್ನು ನಾನು ಮಾಡಿಸಿಟ್ಟಿದ್ದೆ. ಇನ್ನು ಮೇಲೆ ಮಾವಿನ ಚಿಲಕದ ಮೈಮೇಲೆ ‘ಕೋ’, ಇದರ ಮೈಮೇಲೆ ‘ಚಿ’ ಎಂದು ಹೊಡೆದಿರುತ್ತದೆ, ಹೊರಗಡೆಯೇ, ಕಣ್ಣಿಗೆ ಕಾಣುವ ಹಾಗೆ. ಸುಣ್ಣದಂತೆ ತೊಳೆದರೆ ಹೋಗುವುದಲ್ಲ. ಯಜಮಾನರು ತೆಂಗಿನಕಾಯಿ ಎತ್ತಿದರು.

“ತಡಿ ಸಾಮಿ” ಎಂದಳು ಚಿಕ್ಕಗಂಗಮ್ಮ.

ಎಲ್ಲರೂ ನಿಂತರು. ಅವಳು ಚಿಲಕವನ್ನು ಕೈಗೆ ತೆಗೆದುಕೊಂಡು, ಕೊಕ್ಕೆಯ ತುದಿಯನ್ನು ಹೆಬ್ಬೆರಳಿನಿಂದ ಸವರಿದಳು. ಮುಂಗೈಯ ಗಾಯ ಮಾಗಿ ಕೆಂಪು ಗೀರಾಗಿತ್ತು. ಬಳೆ ಇನ್ನೂ ಹಾಕಿರಲಿಲ್ಲ.

“ನನ್ನೆಸ್ರು ಇಡೋದಾದ್ರೆ ಇಡಿ. ನಂಗೂ ಆಸೆ ಐತೆ. ಆದ್ರೆ ನಾಳೆ ಯಾರಾನ ಬಂದು ಇದನ್ನ ಚೂರೇ ಚೂರು ಉಜ್ಜಿದ್ರೂ, ಅವತ್ತೇ ನನ್ನೆಸ್ರು ತೆಗೆದುಬಿಡ್ಬೇಕು. ನಾನು ಸತ್ತೋದ ಮೇಲೆ ನನ್ನೆಸ್ರು ಇನ್ನೊಬ್ಬಳ ಸೆರಗು ಎಳೀಬಾರ್ದು. ಮಾತು ಕೊಡ್ತೀಯಾ ಸಾಮಿ?”

ಯಜಮಾನರು ಕನ್ನಡಕ ತೆಗೆದರು. ಈ ಸಲ ಅದನ್ನು ಒರೆಸಲಿಲ್ಲ, ಕಣ್ಣು ಒರೆಸಿಕೊಂಡರು. “ಕೊಟ್ಟೆ ಕಣಮ್ಮ” ಎಂದರು. ಕಾಯಿ ಒಡೆಯಿತು. ಕದಿರೇಶ್ ಎಲ್ಲರಿಗಿಂತ ಗಟ್ಟಿಯಾಗಿ ಹೆಸರು ಕೂಗಿದ.

ಸುಗ್ಗಿ ನಡು ಹಂತಕ್ಕೆ ಬಂದಾಗ ಅಮರನಾಥ್ ಫೋನು ಮಾಡಿದರು. ನಾನು ಯಜಮಾನರ ಎದುರಿಗೇ ನಕ್ಷೆ ಹಿಡಿದು ನಿಂತಿದ್ದೆ. ಚೈನಿಗೆ ಎಣ್ಣೆ ಬಿಡಲು ಪದೇಪದೇ ಮುಚ್ಚಳ ತೆಗೆಯಬೇಕು, ಚಿಲಕ ಬಿಗಿ, ಹೊತ್ತು ಹಾಳಾಗುತ್ತದೆ, ಒಂಚೂರು ಉಜ್ಜಿಕೊಡಿ ಎಂದು ಅವರು ಹೇಳುವುದು ನನಗೂ ಕೇಳಿಸಿತು. ಒಳ್ಳೆಯ ಗಿರಾಕಿ, ಇನ್ನೊಂದು ಮಿಷನ್ನಿಗೆ ಆರ್ಡರ್ ಕೊಡುವವರು. ನಾನು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಯಜಮಾನರು ಕೈಯೆತ್ತಿ ನನ್ನನ್ನು ತಡೆದರು.

“ಉಜ್ಜಬಹುದು ಅಮರನಾಥ್, ಅದಕ್ಕೇನಂತೆ” ಎಂದರು. “ಆದ್ರೆ ಉಜ್ಜಿದ ಮೇಲೆ ಅದು ಚಿಕ್ಕಗಂಗಮ್ಮನ ಚಿಲಕ ಅಲ್ಲ. ಮಾತು ಕೊಟ್ಟಿದೀನಿ. ಹೆಸರು ತೆಗೀಬೇಕಾಗತ್ತೆ. ನಿಮ್ಮ ಮಂಡೀಗೆ ನಾನೇ ಬರ್ತೀನಿ, ಆಯಮ್ಮ ಮಿಷನ್ ಪಕ್ಕ ನಿಂತಿರ್ತಾಳಲ್ಲ, ಅವಳ ಮುಂದೆ ನಿಂತ್ಕೊಂಡು ನೀವೇ ಹೇಳಿ.”

ಆ ಕಡೆಯಿಂದ ಮಿಷನ್ನು ಓಡುವ ಸದ್ದು, ಹೆಂಗಸರು ಏನೋ ಹೇಳಿಕೊಂಡು ನಗುವ ಸದ್ದು ಮಾತ್ರ ಕೇಳಿಸುತ್ತಿತ್ತು.

“ಬೇಡ ಬಿಡಿ ಅಣ್ಣ. ಬಿಗಿಯಾಗೇ ಇರ್ಲಿ” ಎಂದರು ಅಮರನಾಥ್.